ಹಲ್ಲಕ್ಕ ಕಂಡ ನೀರುನಾಯಿ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದು ಹಲ್ಲಕ್ಕ ಎಂದೇ. ಹಲ್ಲಿನ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಕೂತು ಇಪ್ಪತ್ತೆಂಟು ವರ್ಷದಿಂದ ಕಟ್ಟುಹಲ್ಲು ಮಾಡುತ್ತಿದ್ದವಳು. ಮಹಡಿಯಿಂದ ಯಾರದೋ ಬಾಯಿಯ ಅಚ್ಚು ಇಳಿದು ಬರುತ್ತಿತ್ತು. ಅವಳು ಮೇಣದಲ್ಲಿ ಒಸಡು ತೀಡಿ, ಹಲ್ಲುಗಳನ್ನು ಒಂದೊಂದಾಗಿ ಕೂರಿಸಿ, ಉಜ್ಜಿ ಹೊಳಪು ಕೊಟ್ಟು ಮೇಲಕ್ಕೆ ಕಳಿಸುತ್ತಿದ್ದಳು. ಊರಿನ ಅರ್ಧ ಮುದುಕರು ನಗುತ್ತಿದ್ದದ್ದು ಅವಳು ಮಾಡಿದ ಹಲ್ಲಿನಲ್ಲೇ. ಅವರಲ್ಲಿ ಒಬ್ಬರ ಮುಖವನ್ನೂ ಅವಳು ಕಂಡಿರಲಿಲ್ಲ.

ಮನೆಯಲ್ಲಿ ಜೊತೆಗಿದ್ದದ್ದು ತಂಗಿ. ಅವಳು ನಲವತ್ತೆಂಟಕ್ಕೆ ಮದುವೆಯಾದಳು, ಬಸ್ಸಿನಲ್ಲಿ ಪರಿಚಯವಾದ ಗಡಿಯಾರ ರಿಪೇರಿಯವರನ್ನು.

"ಇಷ್ಟು ಹೊತ್ತು ಮೀರಿದ ಮೇಲೆ ಇದೆಲ್ಲಾ ಯಾಕೇ?" ಎಂದಳು ಹಲ್ಲಕ್ಕ.

"ಗಡಿಯಾರದವರನ್ನ ಕಟ್ಕೊಂಡ್ಮೇಲೆ ಹೊತ್ತು ಮೀರೋದು ಎಲ್ಲಿ ಬಂತಕ್ಕಾ?" ಎಂದು ನಕ್ಕು, ತನ್ನ ಪೆಟ್ಟಿಗೆ ಎತ್ತಿಕೊಂಡು ಬೇರೆ ಊರಿಗೆ ಹೊರಟುಹೋದಳು.

ಆಮೇಲೆ ಎರಡು ಕೋಣೆಯ ಆ ಮನೆ ಬಿಕೋ ಎನ್ನತೊಡಗಿತು. ಶನಿವಾರ ಸಂಜೆ ಕೆಲಸ ಮುಗಿಸಿ ಬಂದರೆ ಸೋಮವಾರ ಬೆಳಗಿನವರೆಗೆ ಹಲ್ಲಕ್ಕ ಬಾಯಿ ತೆರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಸೋಮವಾರ ನರ್ಸು "ಹೇಗಿದ್ದೀರಿ" ಎಂದರೆ ಗಂಟಲು ಕಟ್ಟಿ, ಎರಡು ಸಲ ಕೆಮ್ಮಿದ ಮೇಲೆ ಮಾತು ಹೊರಡುತ್ತಿತ್ತು.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಹಿಂದಿನ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಕೆಳಗಿನ ಕಾಲುವೆಯಲ್ಲಿ ಕಂದು ಬಣ್ಣದ ಏನೋ ಒಂದು ನೀರಿಗೆದುರಾಗಿ ಈಜಿಕೊಂಡು ಬಂತು. ಒದ್ದೆ ಕೈಯಲ್ಲೇ ಫೋನ್ ಹಿಡಿದು ಫೋಟೊ ತೆಗೆದಳು. ತಂಗಿಗೆ ಕಳಿಸಿದರೆ "ಹೆಗ್ಗಣ ಇರ್ಬೇಕು, ಕಿಟಕಿ ಹಾಕ್ಕೋ" ಎಂಬ ಉತ್ತರ ಬಂತು. ಹೆಗ್ಗಣವಲ್ಲವೆಂದು ಅವಳಿಗೆ ಗೊತ್ತಿತ್ತು, ಏನೆಂದು ಗೊತ್ತಿರಲಿಲ್ಲ. ಕಾಡುಪ್ರಾಣಿಗಳ ಫೋಟೊ ಹಾಕಿ ಗುರುತು ಕೇಳುವ ಒಂದು ಜಾಲತಾಣ ಹುಡುಕಿ ಅಲ್ಲಿ ಹಾಕಿದಳು. ಮಧ್ಯಾಹ್ನದೊಳಗೆ 'ಹಳೇ ಹದ್ದು' ಎಂಬ ಅಡ್ಡಹೆಸರಿನವರೊಬ್ಬರು ಬರೆದರು: "ಫೋಟೊ ಹಾಗಿರಲಿ. ನೀವು ಕಣ್ಣಾರೆ ಕಂಡದ್ದನ್ನ ನಾಲ್ಕು ಸಾಲು ಬರೀರಿ. ಬಾಲ ಬುಡದಲ್ಲಿ ಎಷ್ಟು ದಪ್ಪ? ಮುಳುಗುವಾಗ ಬೆನ್ನು ಬಾಗಿತಾ?"

ಹಲ್ಲಕ್ಕ ಬರೆದಳು. ಬಾಲ ಬುಡದಲ್ಲಿ ತನ್ನ ಮುಂಗೈಯಷ್ಟು ದಪ್ಪ, ತುದಿಗೆ ಬರುತ್ತಾ ಚೂಪು. ಮುಳುಗುವಾಗ ಬೆನ್ನು ಬಿಲ್ಲಿನಂತೆ ಬಾಗಿತು.

"ನೀರುನಾಯಿ," ಎಂದು ಬಂತು ಉತ್ತರ. "ನಾಳೆ ದಡದ ಕೆಸರಲ್ಲಿ ಹೆಜ್ಜೆ ಹುಡುಕಿ."

ಅಲ್ಲಿಂದ ಶುರುವಾಯಿತು. ಬೆಳಕು ಹರಿಯುವಾಗ ಅರ್ಧ ಗಂಟೆ, ಕೆಲಸಕ್ಕೆ ಹೋಗುವ ಮುಂಚೆ, ಅವಳು ಕಾಲುವೆ ದಂಡೆಯಲ್ಲಿರುತ್ತಿದ್ದಳು. ಒಳ್ಳೆಯ ಕ್ಯಾಮೆರಾ ಕೊಂಡಳು. ಗೋಡೆಯ ಬಿರುಕಿನ ಮುಂಗುಸಿ, ನೀರಿನ ಟ್ಯಾಂಕಿನ ಕೆಳಗಿನ ಜೋಡಿ ಗೂಬೆ, ಮೋರಿಯ ಬಾಯಲ್ಲಿ ಬಿಸಿಲು ಕಾಯಿಸುವ ಉಡ, ಎಲ್ಲವನ್ನೂ ತೆಗೆದು ಹಾಕಿದಳು. ಪ್ರತಿ ಸಲವೂ ಹದ್ದಿನದು ಅದೇ ಹಟ, ನಾಲ್ಕು ಸಾಲು ಬರೀರಿ. ಸ್ವಂತ ವಿಷಯ ಇಬ್ಬರೂ ಎತ್ತಲಿಲ್ಲ. ಆದರೂ ಸಂಜೆ ಬೀಗ ತೆಗೆಯುತ್ತಲೇ ಅವಳ ಕೈ ಫೋನಿಗೆ ಹೋಗುತ್ತಿತ್ತು.

ಒಂದು ಸಲ ದಂಡೆಯಲ್ಲಿ ಪ್ರಾಣಿಯೊಂದರ ಕೆಳದವಡೆ ಸಿಕ್ಕಿತು. ಫೋಟೊ ಹಾಕಿ, ಅವಸರದಲ್ಲಿ ಉದ್ದವನ್ನಷ್ಟೇ ಬರೆದಳು. ಹದ್ದು ಮುಂಗುಸಿಯದಿರಬೇಕು ಎಂದರು. ಹಲ್ಲಕ್ಕನಿಗೆ ತಡೆಯಲಾಗಲಿಲ್ಲ. "ಸರ್, ಒಂದು ಪಕ್ಕಕ್ಕೆ ಒಂಬತ್ತೇ ಹಲ್ಲು. ಮುಂಗುಸಿಗೆ ಹತ್ತು. ಹಲ್ಲಿನ ವಿಷಯದಲ್ಲಿ ನನಗೆ ಮೋಸ ಆಗಲ್ಲ."

"ಸೋತೆ ತಾಯಿ. ನೀರುನಾಯಿಯದೇ," ಎಂದರು. ಅವಳು ದಿನವಿಡೀ ಬೀಗಿದಳು. ಫೋಟೊದಲ್ಲಿ ಅಷ್ಟು ಸ್ಪಷ್ಟವಾಗಿದ್ದ ಹಲ್ಲುಗಳನ್ನು ಅವರು ಯಾಕೆ ಎಣಿಸಲಿಲ್ಲ ಎಂಬ ಪ್ರಶ್ನೆ ಮಾತ್ರ ಉಳಿಯಿತು.

ಮೂರನೇ ವರ್ಷ ಅವಳಿಗೆ ಜೀವಮಾನದ ಫೋಟೊ ಸಿಕ್ಕಿತು. ಕಲ್ಲಿನ ಮೇಲೆ ತಾಯಿ ನೀರುನಾಯಿ, ಪಕ್ಕದಲ್ಲಿ ಎರಡು ಮರಿ, ಬಾಯಲ್ಲಿ ಮೀನು. ತಾಣಕ್ಕೆ ಹಾಕದೆ ಅದಕ್ಕೆ ಕಟ್ಟು ಹಾಕಿಸಿದಳು, ವಿಳಾಸ ಕೇಳಿ ತರಿಸಿಕೊಂಡಳು, ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಹದ್ದಿನ ಮನೆಗೆ ಹೋದಳು.

ಬಾಗಿಲು ತೆಗೆದದ್ದು ಅವರ ಮಗಳು. ಕಿಟಕಿಯ ಬಳಿ ಕುರ್ಚಿಯಲ್ಲಿ ತೆಳ್ಳಗಿನ ಮುದುಕರು. ಹಲ್ಲಕ್ಕ ಫೋಟೊ ಅವರ ಕೈಗಿಟ್ಟಳು. ಅವರು ಗಾಜಿನ ಮೇಲೆ ಬೆರಳಾಡಿಸಿ, "ಕಟ್ಟು ಗಟ್ಟಿಯಾಗಿದೆ. ಒಳಗೇನಿದೆ, ಹೇಳಿಯಮ್ಮಾ," ಎಂದರು.

ಅವಳು ಮಗಳ ಮುಖ ನೋಡಿದಳು.

"ಕಣ್ಣು ಹೋಗಿ ನಾಲ್ಕು ವರ್ಷ ಆಯ್ತಕ್ಕಾ," ಎಂದಳು ಮಗಳು. "ನೀವು ಬರೆದದ್ದನ್ನ ನಾನು ಓದ್ತೀನಿ, ಅಪ್ಪ ಹೇಳಿದ್ದನ್ನ ನಾನೇ ಬರೀತೀನಿ. ನಿಮಗೆ ಹೇಳೋಣ ಅಂದ್ರೆ ಬೇಡ ಅಂತಿದ್ರು."

"ಹೇಳಿದ್ರೆ ನೀವು ಬೇರೆಯವರನ್ನ ಕೇಳ್ತಿದ್ರಿ," ಎಂದರು ಮುದುಕರು.

ಹಲ್ಲಕ್ಕನಿಗೆ ಮೊದಲು ಬಂದದ್ದು ಕೋಪ. ಅಷ್ಟೂ ಬೆಳಗು ಚಳಿಯಲ್ಲಿ ಕೂತು ತೆಗೆದ ಫೋಟೊಗಳು ಯಾರ ಕಣ್ಣಿಗಾಗಿ? ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ಅವರು ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಕಿವಿಯೊಡ್ಡಿ ಕೂತೇ ಇದ್ದರು. ಅವಳು ಕುರ್ಚಿ ಎಳೆದುಕೊಂಡಳು. ಮರಿಗಳ ಮೀಸೆಯಿಂದ ಶುರುಮಾಡಿದಳು. ಅವರು ಮೇಲಿಂದ ಮೇಲೆ ಕೇಳಿದರು, ಅವಳು ಹೇಳಿದಳು. ಕೊನೆಯ ಬಸ್ಸಿಗೆ ಮಗಳೇ ಎಬ್ಬಿಸಬೇಕಾಯಿತು. ಹಲ್ಲಕ್ಕನ ದನಿ ಒಡೆದುಹೋಗಿತ್ತು. ಒಂದು ವರ್ಷದ ಮಾತು ಒಂದೇ ದಿನ ಆಡಿದ್ದಳು.

ಮುಂದೆ ಫೋಟೊ ಕಳಿಸುವುದು ನಿಂತಿತು. ಭಾನುವಾರ ಹತ್ತು ಗಂಟೆಗೆ ಅವರೇ ಫೋನ್ ಮಾಡುತ್ತಿದ್ದರು, ಅವಳು ಬಾಲ್ಕನಿಯಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳುತ್ತಿದ್ದಳು. ಒಂದೂವರೆ ವರ್ಷ ನಡೆಯಿತು. ಒಂದು ಭಾನುವಾರ ಫೋನಿನಲ್ಲಿ ಮಗಳ ದನಿ ಬಂತು, ಅಳು ನುಂಗಿಕೊಂಡ ದನಿ. ಏನಾಯಿತೆಂದು ಹಲ್ಲಕ್ಕ ಕೇಳಬೇಕಾಗಿರಲಿಲ್ಲ.

ಮುಂದಿನ ತಿಂಗಳು ತಂಗಿ ಬಂದು ಎರಡು ದಿನ ಇದ್ದಳು. "ನಮ್ಮನೆಗೆ ಬಂದ್ಬಿಡಕ್ಕಾ. ಇಲ್ಲಿ ನಿನಗೆ ಯಾರಿದ್ದಾರೆ ಹೇಳು?"

"ಒಂದು ಮುಂಗುಸಿ, ಎರಡು ಗೂಬೆ," ಎಂದಳು ಹಲ್ಲಕ್ಕ. ತಂಗಿ ನಕ್ಕಳು. ಹಲ್ಲಕ್ಕ ತಮಾಷೆಗೆ ಹೇಳಿರಲಿಲ್ಲ.

ಅವಳು ಹೋಗಲಿಲ್ಲ. ಈಗಲೂ ಬೆಳಿಗ್ಗೆ ದಂಡೆಗೆ ಹೋಗುತ್ತಾಳೆ. ತಾಣದಲ್ಲಿ ಹೊಸಬರು ಮಸುಕು ಫೋಟೊ ಹಾಕಿ ಇದೇನು ಎಂದು ಕೇಳಿದರೆ ಉತ್ತರ ಬರೆಯುವವರಲ್ಲಿ ಅವಳೂ ಒಬ್ಬಳು. ಭಾನುವಾರ ಹತ್ತು ಗಂಟೆಗೆ ಮಾತ್ರ ಏನು ಮಾಡಬೇಕೆಂದು ತಿಳಿಯದೆ, ಒಗೆದ ಬಟ್ಟೆಯನ್ನೇ ಮತ್ತೆ ಒಗೆಯಲು ನೆನೆಹಾಕುತ್ತಾಳೆ.