ಜೋಗಿ ಮಾವನ ಕೊಂಬಿನ ಕಣ್ಣಾಡಿ

ಜೋಗಿ ಮಾವ ಯಾರನ್ನು ಕಂಡರೂ ಮೊದಲು ನೋಡುತ್ತಿದ್ದುದು ಮೂಗನ್ನು. ಕ್ಷೇಮ ಸಮಾಚಾರ ಆಮೇಲೆ. ನನ್ನ ಮೂಗನ್ನು ನೋಡಿಯಂತೂ ಹಟ್ಟಿಯವರೆಲ್ಲ ಕೇಳುವಂತೆ, "ಅಳಿಯಾ, ಇದರ ಮೇಲೆ ಕಣ್ಣಾಡಿ ನಿಲ್ಲಬೇಕಾದರೆ ಎಮ್ಮೆ ಕಟ್ಟುವ ಹಗ್ಗವೇ ಬೇಕು" ಎಂದು ನಗಾಡುತ್ತಿದ್ದರು.

ಬೆಟ್ಟದೂರು ಕೆತ್ತಿಯ ನಮ್ಮ ಹಟ್ಟಿಯಿಂದ ದಿನಾ ಊಟಿಗೆ ನಡೆದುಹೋಗಿ, ಒಬ್ಬ ಬಿಳಿ ದೊರೆಯ ಕನ್ನಡಕದಂಗಡಿಯ ಹಿಂದಿನ ತಗಡಿನ ಮಾಡಿನಡಿ ಕೂತು ಕಣ್ಣಾಡಿಯ ಚೌಕಟ್ಟು ಮಾಡುವುದು ಅವರ ಕೆಲಸ. ಎಮ್ಮೆಯ ಕೊಂಬನ್ನು ಕುದಿನೀರಲ್ಲಿ ಮೆತ್ತಗಾಗಿಸಿ, ಹಲಗೆಗಳ ನಡುವೆ ಒತ್ತಿ, ಗರಗಸದಲ್ಲಿ ಕೊಯ್ದು, ಅರದಿಂದ ಉಜ್ಜಿ, ಕೊನೆಗೆ ಬೂದಿ ಹಾಕಿ ತಿಕ್ಕಿದರೆ ಕಪ್ಪುಜೇನಿನ ಬಣ್ಣ ಮೂಡುತ್ತಿತ್ತು. ಅಂಗಡಿಯ ಮುಂಬಾಗಿಲಿಂದ ಅವರು ಒಂದು ದಿನವೂ ಒಳಗೆ ಹೋದವರಲ್ಲ. ಬಿಡುತ್ತಿರಲಿಲ್ಲ.

ಒಮ್ಮೆ ಒಬ್ಬ ದೊರೆಸಾನಿಯ ಇಟಲಿಯ ಕನ್ನಡಕ ಕಾಲು ಮುರಿದು ಬಂತು. ಮಾವ ಹೊಸ ಕಾಲು ಕೂರಿಸಿದರು. ಹಳೆಯದು ಯಾವುದು, ಹೊಸದು ಯಾವುದು, ಆಕೆಗೇ ತಿಳಿಯಲಿಲ್ಲ. ಅದನ್ನು ಮಾಡಿದವರ ಕಥೆಯನ್ನು ಮಾವ ಇಗರ್ಜಿಯ ಇಟಲಿ ಪಾದ್ರಿಯನ್ನು ಹಿಡಿದು ಕೇಳಿದರು. ಅವರದೂ ಬೆಟ್ಟದೂರಂತೆ. ಹಿಮ ಬಿದ್ದು ಹೊಲ ಮುಚ್ಚಿದಾಗ ಆ ಮನೆಯ ಅಜ್ಜ ಕೊಂಬಿನ ಬಾಚಣಿಗೆ ಕೊಯ್ದನಂತೆ. ಮಗ ಕನ್ನಡಕ ಮಾಡಿ, ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡು ಊರೂರು ಮಾರಿದನಂತೆ. ಮೊಮ್ಮಗನ ಕಾಲಕ್ಕೆ ಕಾರ್ಖಾನೆಯಾಯಿತಂತೆ. ಮನೆತನದ ಹೆಸರು ಒತ್ತದೆ ಒಂದನ್ನೂ ಹೊರಗೆ ಬಿಡುವುದಿಲ್ಲವಂತೆ. "ನಮ್ಮಂಗೇ ಬೆಟ್ಟದವರು ಅಳಿಯಾ. ಮಾಡಿದ ಕೈಗೆ ಹೆಸರಿದೆ ಅಲ್ಲಿ" ಎನ್ನುತ್ತಿದ್ದರು, ನೆಂಟರ ಮಾತಾಡುವ ಹಾಗೆ.

ಕೆಲವೇ ದಿನಕ್ಕೆ ಅಂಗಡಿಯ ದೊರೆ ಮಾವನ ಕೈಗೆ ಒಂದು ಉಕ್ಕಿನ ಅಚ್ಚು ಕೊಟ್ಟ. "ಇದು ನಿನ್ನ ಹೆಸರು. ಕಾಯಿಸಿ ಒತ್ತು" ಎಂದ. ಮಾವನಿಗೆ ಓದು ಬಾರದು. ಎರಡು ವರ್ಷ ಒತ್ತಿದರು. ಪ್ರತಿ ದಿನ ಒಲೆಗಿಡುವ ಮೊದಲು ಆ ಅಚ್ಚನ್ನು ಹಣೆಗೆ ಮುಟ್ಟಿಸಿಕೊಳ್ಳುತ್ತಿದ್ದರು. ಇದನ್ನು ಬರೆಯುವಾಗಲೂ ನನ್ನ ಮೈ ಉರಿಯುತ್ತದೆ.

ನಾನು ಮದರಾಸಿನಲ್ಲಿ ಬಿ.ಎ. ಮುಗಿಸಿ ಬಂದೆ. ನಮ್ಮ ಹಟ್ಟಿಗೇ ಮೊದಲ ಬಿ.ಎ. ಮಾವ ಎಲ್ಲರೆದುರು ಒಂದು ಚೌಕಟ್ಟು ಮುಂದೆ ಹಿಡಿದರು. "ಓದು ಅಳಿಯಾ, ಎನ್ನ ಹೆಸರು ಇಂಗ್ಲಿಷಲ್ಲಿ ಹೆಂಗಿದೆ, ಎಲ್ಲರೂ ಕೇಳಲಿ."

ಓದಿದೆ. ಅದು ಮಾವ ಹೇಳುತ್ತಿದ್ದ ಆ ಇಟಲಿ ಮನೆತನದ ಹೆಸರು. ಮಾವನ ಕೆಲಸವನ್ನು ದೊರೆ ಇಟಲಿಯದೆಂದು ಮಾರುತ್ತಿದ್ದ. ಸುಳ್ಳು ಹೇಳಬಹುದಿತ್ತು. ಅದಕ್ಕೆಂದು ನಮ್ಮಪ್ಪ ಎಮ್ಮೆ ಮಾರಿ ಓದಿಸಿರಲಿಲ್ಲ. ಹೇಳಿಬಿಟ್ಟೆ.

ಮಾವ ಚೌಕಟ್ಟನ್ನು ನನ್ನ ಕೈಯಿಂದ ವಾಪಸು ತೆಗೆದುಕೊಂಡರು. "ಎನ್ನ ಹೆಸರು ಹೋದರೆ ಹೋಗಲಿ. ಅವರ ಹೆಸರನ್ನ ಎನ್ನ ಕೈಲೇ ಕದಿಸಿದನಲ್ಲ!"

ಮರುದಿನ ಅಚ್ಚಿನ ಮುಖವನ್ನು ಸುತ್ತಿಗೆಯಿಂದ ಜಜ್ಜಿ, ಮುಂಬಾಗಿಲಿಂದಲೇ ಹೋಗಿ, ದೊರೆಯ ಮೇಜಿನ ಮೇಲೆ ಇಟ್ಟು ಬಂದರು. ಮತ್ತೆ ಆ ಕಡೆ ಹೋಗಲಿಲ್ಲ. ಆಲೂಗಡ್ಡೆ ಬೆಳೆದರು. ಆಮೇಲೆ ಅರ ಮುಟ್ಟಿದ್ದು ಒಂದೇ ಸಲ, ನನ್ನ ಈ ಮೂಗಿಗಾಗಿ. ಚೌಕಟ್ಟು ಕೈಗಿಟ್ಟಾಗ, "ಹೆಸರು ಬರೆಯಲು ಕಲಿಸುತ್ತೇನೆ ಮಾವಾ, ಒಳಗೆ ಕೆತ್ತಿ" ಎಂದೆ.

"ಬೇಡ. ನಿನಗೆ ಗೊತ್ತಲ್ಲ. ಕೇಳಿದವರಿಗೆ ನೀ ಹೇಳು."

ಅದೇ ಕೊನೆಯ ಭೇಟಿ. ಆ ಚಳಿಗಾಲವನ್ನು ಅವರು ದಾಟಲಿಲ್ಲ.

ಹೋದ ತಿಂಗಳು ಗಾಜು ಬದಲಿಸಲು ಅದೇ ಅಂಗಡಿಗೆ ಹೋದೆ, ಮುಂಬಾಗಿಲಿಂದ. ದೊರೆ ನನ್ನ ಚೌಕಟ್ಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಒಳ್ಳೆಯ ಕೆಲಸ. ಇಟಲಿಯದೇ?"

"ಕೆತ್ತಿಯದು. ಮಾಡಿದವರು ಜೋಗಿ."

"ಜೋಗಿ? ಯಾರದು?"

ಅಷ್ಟು ವರ್ಷ ಅವನ ಹಿತ್ತಲಲ್ಲಿ ಕೂತು ಕೊಂಬು ಉಜ್ಜಿದವರ ಹೆಸರು ಆ ಮನುಷ್ಯನಿಗೆ ಗೊತ್ತೇ ಇರಲಿಲ್ಲ. ಕನ್ನಡಕ ಕಸಿದುಕೊಂಡೆ. ಗಿರಾಕಿಗಳೆಲ್ಲ ತಿರುಗಿ ನೋಡುವಂತೆ ಇನ್ನೊಮ್ಮೆ ಹೇಳಿದೆ: ಜೋಗಿ.