ವೈನಿಯ ಒಂಬತ್ತನೇ ಮತ

ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ ಎಂಬುದು ಬರೀ ಕಾಗದದ ಮಾತು. ಯಾವ ಸದಸ್ಯ ಯಾವ ಕಡೆ ಎಂಬುದು ನಮ್ಮೂರಲ್ಲಿ ಚಹಾದಂಗಡಿಯ ಬೆಂಚಿಗೂ ಗೊತ್ತು. ಐದು ವರ್ಷದ ಅವಧಿಯನ್ನು ನಡುವೆ ಕಡಿದು ಎರಡು ಸಲ ಅಧ್ಯಕ್ಷರನ್ನು ಆರಿಸುತ್ತಾರೆ. ಆ ನಡುವಿನ ಹೊತ್ತಿಗೆ ಸರಿಯಾಗಿ ಬೆಂಗಳೂರಿನಲ್ಲಿ ಸರ್ಕಾರ ಬದಲಾಯಿತು. ಎರಡೂವರೆ ವರ್ಷ ನಮ್ಮ ಹಿಂದೆ ಓಡಾಡಿಕೊಂಡಿದ್ದ ಸದಸ್ಯರು ಆ ಕಡೆಯವರಿಗೆ ನಮಸ್ಕಾರ ಹೊಡೆಯತೊಡಗಿದರು. ಹದಿನೇಳು ಜನರಲ್ಲಿ ಹನ್ನೆರಡು ನಮ್ಮವರಿದ್ದದ್ದು ಒಂಬತ್ತಕ್ಕೆ ಇಳಿಯಿತು. ಒಂಬತ್ತನೆಯವರು ನಮ್ಮ ವೈನಿ, ನನ್ನ ಅಣ್ಣನ ಹೆಂಡತಿ.

ಅಣ್ಣ ಕಾಯಿಲೆಯಾಗಿ ತೀರಿಕೊಂಡ ಮೇಲೂ ವೈನಿ ತೆಂಗಳಿಯ ತವರಿಗೆ ಹೋಗದೆ ನಮ್ಮ ಜೊತೆಗೇ ಉಳಿದಿದ್ದರು. ಕಾಗಿಣಾ ದಂಡೆಯ ಎರಡು ಎಕರೆ ಹೊಲ ನೋಡಿಕೊಂಡು, ನಮಗೆಲ್ಲ ರೊಟ್ಟಿ ಬಡಿದು ಹಾಕುತ್ತಿದ್ದರು. ವಾರ್ಡು ಮಹಿಳೆಗೆ ಮೀಸಲಾದಾಗ ಅವರನ್ನು ನಿಲ್ಲಿಸಿದವನು ನಾನು. ನಾಮಪತ್ರ ತುಂಬಿದ್ದು ನಾನು, ಸಹಿ ಎಲ್ಲಿ ಮಾಡಬೇಕೆಂದು ಬೆರಳಿಟ್ಟು ತೋರಿಸಿದ್ದೂ ನಾನೇ. ಚಿತ್ತಾಪುರದ ಕಚೇರಿಗಳ ಎದುರು ನನ್ನದೊಂದು ಝೆರಾಕ್ಸ್ ಅಂಗಡಿ. ಅರ್ಜಿ ಬರೆದು ಬರೆದು ನಾನೇ ಅರ್ಧ ಸರ್ಕಾರ ಎಂಬ ಸೊಕ್ಕು ನನಗೆ ಬಂದುಬಿಟ್ಟಿತ್ತು.

ಎರಡನೇ ಸಲದ ಅಧ್ಯಕ್ಷರ ಚುನಾವಣೆಗೆ ನಾಲ್ಕು ದಿನ ಮೊದಲು ನಮ್ಮ ಲೀಡರ್ ಒಂಬತ್ತೂ ಜನರನ್ನು ಕ್ರೂಸರಿನಲ್ಲಿ ತುಂಬಿಸಿ ತಾಂಡೂರಿನ ಆಚೆ ಒಂದು ಲಾಡ್ಜಿಗೆ ಒಯ್ದ. ಹೊರಡುವ ಮುಂಚೆ ದೇವರ ಅರಿಶಿನದ ಭಂಡಾರ ಮುಟ್ಟಿಸಿ ಆಣೆ ಮಾಡಿಸಿದ. ಆಣೆಯ ಮೇಲೆ ಅವನಿಗೇ ನಂಬಿಕೆ ಇರಲಿಲ್ಲವೇನೋ, ಎಲ್ಲರ ಫೋನನ್ನೂ ಕಸಿದು ಒಂದು ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟ. ನನ್ನ ಫೋನನ್ನೂ ಬಂದ್ ಮಾಡಿಸಿದ. ದಿನಾ ಮಧ್ಯಾಹ್ನ ಅರ್ಧ ತಾಸು ಚೀಲದ ಫೋನುಗಳನ್ನು ಚಾಲೂ ಮಾಡಿ, ಮನೆಯವರು ಹುಡುಕಾಡಿ ಠಾಣೆಗೆ ಹೋಗದಂತೆ ಎಲ್ಲರೂ ಆರಾಮಾಗಿದ್ದಾರೆ ಎಂದು ಹೇಳುವುದು ನನ್ನ ಕೆಲಸ. ಗೆದ್ದರೆ ಪಂಚಾಯಿತಿಯ ಕಂಪ್ಯೂಟರ್ ಆಪರೇಟರ್ ಕೆಲಸ ನನಗೆಂದು ಮಾತಾಗಿತ್ತು.

ಇನ್ನೊಂದು ಕಟ್ಟಪ್ಪಣೆಯೂ ಇತ್ತು. ಯಾರು ಸತ್ತರೆಂದು ಫೋನ್ ಬಂದರೂ ನಂಬಬಾರದು. ಈ ಕಟ್ಟಪ್ಪಣೆಗೆ ಕಾರಣ ನಾನೇ. ಮೊದಲನೇ ಅವಧಿಯ ಚುನಾವಣೆಯಲ್ಲಿ ಆ ಕಡೆಯ ಸದಸ್ಯನೊಬ್ಬನಿಗೆ ದನಿ ಬದಲಿಸಿ ಫೋನ್ ಮಾಡಿ, ನಿಮ್ಮಪ್ಪ ಬಾವಿಯ ಹತ್ತಿರ ಬಿದ್ದಾನೆ, ಜಲ್ದಿ ಬಾ ಎಂದಿದ್ದೆ. ಅಳುತ್ತ ಓಡಿಬಂದ ಅವನನ್ನು ಶಹಾಬಾದ್ ರಸ್ತೆಯಲ್ಲಿ ನಮ್ಮ ಜೀಪಿಗೆ ಹತ್ತಿಸಿಕೊಂಡು ನಮ್ಮವನನ್ನಾಗಿ ಮಾಡಿಕೊಂಡೆವು. ಅದನ್ನು ಹೇಳಿಕೊಂಡು ವಾರಗಟ್ಟಲೆ ನಕ್ಕಿದ್ದೆವು. ನಾವು ಮಾಡಿದ್ದನ್ನು ಅವರು ಮಾಡದೆ ಬಿಟ್ಟಾರೆಯೇ?

ಲಾಡ್ಜಿನಲ್ಲಿ ಗಂಡಸರು ಇಸ್ಪೀಟು ಆಡಿಕೊಂಡಿದ್ದರು. ವೈನಿಗೆ ಮಾತ್ರ ಸಮಾಧಾನವಿಲ್ಲ. ಹೊರಡುವಾಗಲೇ ಅವರ ತಾಯಿಗೆ ಮೈಯಲ್ಲಿ ಸ್ವಸ್ಥ ಇರಲಿಲ್ಲ. ದಿನಾ ಬಂದು ಒಂದೇ ಮಾತು ಕೇಳುತ್ತಿದ್ದರು.

"ತಮ್ಮಾ, ತೆಂಗಳಿಯಿಂದ ಏನರೆ ಫೋನ್ ಬಂತೇನು? ಅವ್ವಗ ಹೆಚ್ಚುಕಮ್ಮಿ ಆದ್ರ ನನಗ ಹೇಳಿಬಿಡಪ್ಪ. ಓಟ್ ಹಾಳಾಗಿ ಹೋಗ್ಲಿ, ಅಕಿ ಮಾರಿ ನೋಡಬೇಕು ನಾ."

"ಬಂದ್ರ ಹೇಳ್ತೀನ್ರಿ ವೈನಿ, ನೀವು ಚಿಂತಿ ಮಾಡಬ್ಯಾಡ್ರಿ," ಎನ್ನುತ್ತಿದ್ದೆ.

ಚುನಾವಣೆಯ ಹಿಂದಿನ ದಿನ ಮಧ್ಯಾಹ್ನ ವೈನಿಯ ನಂಬರಿಗೆ ಫೋನ್ ಬಂತು. ಗುರುತಿಲ್ಲದ ನಂಬರು. ವೈನಿಯ ಅಣ್ಣ ಪಕ್ಕದ ಮನೆಯವರ ಫೋನಿನಿಂದ ಮಾತಾಡುತ್ತಿದ್ದ.

"ಅವ್ವಂದು ಮುಗೀಲಿಕತ್ತದ. ತಂಗೀನ ಕರಕೊಂಡು ಈಗಿಂದೀಗ ಬರ್ರಿ."

ವೈನಿ ಸ್ನಾನಕ್ಕೆ ಹೋಗಿದ್ದಾರೆ ಎಂದೆ. ಅವರು ಬಾಲ್ಕನಿಯಲ್ಲಿ ಸೀರೆ ಒಣಹಾಕುತ್ತಿದ್ದದ್ದು ನನಗೆ ಕಾಣುತ್ತಿತ್ತು. ಇದು ಆ ಕಡೆಯವರ ಆಟ ಎಂದೇ ನನ್ನ ತಲೆಯಲ್ಲಿ ಮೊದಲು ಬಂದದ್ದು. ಅಷ್ಟರಲ್ಲಿ ಆತ ಫೋನನ್ನು ತಾಯಿಯ ಬಾಯಿಗೆ ಹಿಡಿದ.

"ಯವ್ವಾ, ಉಂಡೀಯೇನು?" ಎಂದಿತು ಮುದುಕಿ. ಉಸಿರು ಸಾಲುತ್ತಿರಲಿಲ್ಲ. "ಜಲ್ದಿ ಬಾ. ನಾ ಕಾಯಾಕತ್ತೀನಿ."

ಆ ದನಿಯನ್ನು ಯಾರೂ ನಟಿಸಲಾರರು. ನನಗೆ ಕಾಮಾಲೆಯಾದಾಗ ಹತ್ತು ದಿನ ತನ್ನ ಮನೆಯಲ್ಲಿ ಇಟ್ಟುಕೊಂಡು, ಗಂಜಿ ಕುಡಿಸಿ, ಸಣ್ಣ ಅಳಿಯಾ ಎಂದು ಕರೆಯುತ್ತಿದ್ದ ದನಿ ಅದು. ನಾನು ಫೋನ್ ಕಟ್ ಮಾಡಿದೆ. ಬಂದ್ ಮಾಡಿ ಚೀಲದ ತಳಕ್ಕೆ ಹಾಕಿದೆ. ಲೀಡರನಿಗೂ ಹೇಳಲಿಲ್ಲ, ಆದ್ದರಿಂದ ಪಾಪವನ್ನು ಅವನ ಜೊತೆ ಹಂಚಿಕೊಳ್ಳುವ ಹಾಗೂ ಇಲ್ಲ. ಹಿಂದೆ ಎರಡು ಸಲ ಮುದುಕಿ ಹೀಗೇ ಹೋದಂತೆ ಮಾಡಿ ಎದ್ದು ಕುಳಿತಿತ್ತು, ನಾಳೆ ಮಧ್ಯಾಹ್ನದ ತನಕ ತಡೆದೀತು ಎಂದು ನನಗೆ ನಾನೇ ಹೇಳಿಕೊಂಡೆ. ಸಂಜೆ ವೈನಿ ಕೇಳಿದಾಗ ಫೋನ್ ಬಂದಿಲ್ಲ ಎಂದೆ.

ಮರುದಿನ ಕ್ರೂಸರ್ ನೇರ ಪಂಚಾಯಿತಿ ಕಚೇರಿಯ ಬಾಗಿಲಿಗೇ ಬಂದು ನಿಂತಿತು. ಹನ್ನೊಂದಕ್ಕೆ ಚೀಟಿ ಹಾಕಿದರು. ಒಂಬತ್ತು, ಎಂಟು. ನಾವು ಗೆದ್ದೆವು. ಪಟಾಕಿ ಹೊಡೆದರು, ಗುಲಾಲು ಎರಚಿದರು. ವೈನಿ ಬೇಡ ಬೇಡವೆಂದರೂ ಅವರ ತಲೆಯ ಮೇಲೂ ಒಂದು ಬೊಗಸೆ ಸುರಿದರು. ಆ ಗದ್ದಲದಲ್ಲಿ ಅವರನ್ನು ಪಕ್ಕಕ್ಕೆ ಕರೆದು, ಈಗ ಫೋನ್ ಬಂದಿತ್ತು, ಅವ್ವನಿಗೆ ಜೋರಾಗಿದೆಯಂತೆ ಎಂದೆ. ಅವರು ಚಪ್ಪಲಿಯನ್ನೂ ಮೆಟ್ಟದೆ ಗಾಡಿ ಹತ್ತಿದರು.

ತೆಂಗಳಿಗೆ ಹೋದಾಗ ಮಣ್ಣು ಮುಗಿದಿತ್ತು. ಮುದುಕಿ ಹಿಂದಿನ ದಿನ ಹೊತ್ತು ಮುಳುಗುವಾಗಲೇ ಹೋಗಿತ್ತು. ಮಗಳಿಗಾಗಿ ಬೆಳಿಗ್ಗೆ ಹತ್ತರ ತನಕ ಹೆಣ ಕಾಯ್ದಿದ್ದರು. ವೈನಿ ಅಂಗಳದಲ್ಲಿ ಕುಸಿದು ಕುಳಿತರು. ಕೂದಲೆಲ್ಲ ಗುಲಾಲು. ಸೆರಗಿನಿಂದ ಒರೆಸಿಕೊಂಡಷ್ಟೂ ಅದು ಹಣೆಗೆ, ಕೆನ್ನೆಗೆ ಹರಡುತ್ತಿತ್ತು. ಅವರ ಅಣ್ಣ ನನ್ನ ಕೊರಳಪಟ್ಟಿ ಹಿಡಿದ.

"ನಿನ್ನೆನೇ ಹೇಳೀನಿ ಇಂವಗ. ಅವ್ವ ತಾನ ಮಾತಾಡ್ಯಾಳ. ಕೇಳಿಸಿಕೊಂಡು ಫೋನ್ ಇಟ್ಟಾನ ಈ ಹಲ್ಕಟ್!"

ವೈನಿ ನನ್ನ ಕಡೆ ತಿರುಗಿದರು. "ಹೌದೇನು ತಮ್ಮಾ?"

ನಿಜ ಹೇಳಲು ಅದೊಂದೇ ಗಳಿಗೆ ಇತ್ತು.

"ಯಾವುದೋ ಹೊಸ ನಂಬರ್ ಇತ್ರಿ ವೈನಿ. ಆ ಕಡಿಯವರ ಆಟ ಅಂದ್ಕೊಂಡೆ. ಅವ್ವನ ಮಾತು ನನಗ ಕೇಳಿಸೇ ಇಲ್ಲ. ಬರೇ ಗರ್ ಅಂತ ಸಪ್ಪಳ ಬಂತು."

ವೈನಿ ಎದ್ದು ಬಂದು ಅಣ್ಣನ ಕೈ ಬಿಡಿಸಿದರು. "ಬಿಡು ಅವನ್ನ. ನನ್ನ ಮೈದುನ ನನಗ ಸುಳ್ಳ ಹೇಳೋನಲ್ಲ."

"ಹಂಗಾದ್ರ ಸುಳ್ಳ ಹೇಳಾಕತ್ತಾಂವ ನಾನೇನು? ಅವ್ವನ ಮಣ್ಣಿನ ದಿನ?"

ವೈನಿ ನನ್ನ ಪಕ್ಕದಿಂದ ಸರಿಯಲಿಲ್ಲ. ಆತ ಹೊರಗಿನ ಬಾಗಿಲು ತೋರಿಸಿದ. ತಂಗಿ ಮೈದುನನ ಕಡೆ ನಿಂತ ಮೇಲೆ ಈ ಮನೆಯಲ್ಲಿ ಅವಳಿಗೇನು ಕೆಲಸ ಎಂದ. ಮೂರನೇ ದಿನದ ಕಾರ್ಯಕ್ಕೂ ವೈನಿಯನ್ನು ಕರೆಯಲಿಲ್ಲ.

ಇಷ್ಟೆಲ್ಲ ಮಾಡಿ ಕೂರಿಸಿದ ಅಧ್ಯಕ್ಷ ಆರು ತಿಂಗಳೂ ನಮ್ಮವನಾಗಿ ಉಳಿಯಲಿಲ್ಲ. ಸೇಡಂನಲ್ಲಿ ನಡೆದ ಸಭೆಯೊಂದರಲ್ಲಿ ಆ ಕಡೆಯವರ ಶಾಲು ಹೊದ್ದುಕೊಂಡು, ಊರಿನ ಅಭಿವೃದ್ಧಿಗಾಗಿ ಎಂದು ಭಾಷಣ ಮಾಡಿದ. ಹಿಂದೆಯೇ ನಮ್ಮ ಲೀಡರ್ ಕೂಡ ಹೋದ. ಕಂಪ್ಯೂಟರ್ ಕೆಲಸ ಅವನ ಸಡ್ಡಕನ ಮಗಳಿಗಾಯಿತು. ನಾನು ಅಂಗಡಿಯಲ್ಲಿ ಕುಳಿತು ಸುದ್ದಿ ಕೇಳಿದೆ, ಎದುರಿಗಿದ್ದ ಗಿರಾಕಿಯ ಆಧಾರ್ ಕಾರ್ಡಿನ ಝೆರಾಕ್ಸ್ ತೆಗೆದುಕೊಟ್ಟೆ. ಸಿಟ್ಟು ಬರಲಿಲ್ಲ. ಸಿಟ್ಟು ಮಾಡುವ ಯೋಗ್ಯತೆ ನನಗೆಲ್ಲಿತ್ತು?

ಮರುವರ್ಷ ನಾಗರಪಂಚಮಿ ಬಂತು. ನಮ್ಮ ಓಣಿಯ ಹೆಣ್ಣುಮಕ್ಕಳನ್ನು ಕರೆದೊಯ್ಯಲು ಅವರವರ ಅಣ್ಣತಮ್ಮಂದಿರು ಬೈಕಿನಲ್ಲಿ, ಬಸ್ಸಿನಲ್ಲಿ ಬಂದರು. ವೈನಿ ಎರಡು ದಿನ ಕಟ್ಟೆಯ ಮೇಲೆ ಕುಳಿತು ಬಸ್ಸು ಬರುವ ದಾರಿ ನೋಡಿದರು. ಮೂರನೇ ದಿನ ಒಳಗೆ ಹೋಗಿ ಶೇಂಗಾ ಹುರಿದು, ಬೆಲ್ಲದ ಪಾಕ ಮಾಡಿ ಉಂಡೆ ಕಟ್ಟಿದರು. ದೇವರ ಮುಂದೆ ಇಟ್ಟು, ಮೊದಲ ತಾಟನ್ನು ನನ್ನ ಮುಂದೆ ತಂದಿಟ್ಟರು.

ನಾನು ತಾಟು ನೋಡುತ್ತ ಕುಳಿತೆ. ಈಗಲಾದರೂ ಹೇಳಿಬಿಡಬೇಕು ಎಂದು ಬಾಯಿ ತೆರೆದೆ.

"ತಿನ್ನು ತಮ್ಮಾ," ಎಂದರು ವೈನಿ. "ಇನ್ನ ಮ್ಯಾಲ ನನಗ ತವರಂದ್ರ ನೀನ ಅಲ್ಲೇನು?"

ನಾನು ತಿಂದೆ. ಅವರು ಇನ್ನೊಂದು ಉಂಡೆ ಹಾಕಿದರು, ಅದನ್ನೂ ತಿಂದೆ.