ಬಂಕ್ ಡ್ಯೂಟಿ

ಚಿದಾನಂದ ಹಾಲಿನ ಕ್ಯಾನು ಕೊಂಡರೂ ತಾರೀಕನ್ನು ಎರಡು ಸಲ ನೋಡುವವನು. ಪೆಟ್ರೋಲ್ ಬಂಕಿನ ಕೌಂಟರಿನಲ್ಲಿ ನಿಂತು ನಿಂತು ಬಂದ ಗುಣ ಎಂದು ಹೆಂಡತಿ ಪ್ರಭಾ ಹೇಳುತ್ತಾಳೆ. ಹಾಗಲ್ಲ. ಅದು ಅವನಿಗೆ ಹನ್ನೆರಡನೇ ವಯಸ್ಸಿನಿಂದ ಇದೆ.

ಪ್ರಭಾ ಹ್ಯೂಸ್ಟನ್ನಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅವಳ ಕೆಲಸದಿಂದಲೇ ಇಬ್ಬರೂ ಹುಬ್ಬಳ್ಳಿ ಬಿಟ್ಟು ಇಲ್ಲಿಗೆ ಬಂದದ್ದು. ಮನೆ, ಚಿದಾನಂದ ಕೆಲಸ ಮಾಡುವ ಬಂಕು ಎರಡೂ ಪಕ್ಕದ ಸ್ಟಾಫರ್ಡ್‌ನಲ್ಲಿ. ಚಿದಾನಂದನ ಓದು ಏಳನೇ ಇಯತ್ತೆಗೆ ನಿಂತಿದೆ. ಇಂಗ್ಲಿಷು ಕೌಂಟರಿಗೆ ಬೇಕಾದಷ್ಟು ಬರುತ್ತದೆ. ಒಬ್ಬನೇ ಮಗ ಆತ್ರೇಯ, ಹನ್ನೊಂದು ವರ್ಷ. ಅವನಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ.

ಮಾರ್ಚಿನಲ್ಲಿ ಆತ್ರೇಯ ಒಂದು ಬಣ್ಣದ ಪುಸ್ತಕ ತಂದು ಊಟದ ಟೇಬಲ್ ಮೇಲಿಟ್ಟ. ಆಸ್ಟಿನ್ ಆಚೆ ಗುಡ್ಡದಲ್ಲಿ ಗಂಡುಹುಡುಗರ ಬೇಸಿಗೆ ಕ್ಯಾಂಪು. ಎರಡು ವಾರ ಅಲ್ಲೇ ಊಟ, ಅಲ್ಲೇ ನಿದ್ದೆ. ದೋಣಿ, ಬಿಲ್ಲುಬಾಣ, ಕುದುರೆ. ಫೋನ್ ಇಲ್ಲ. ಅಪ್ಪ ಅಮ್ಮನ ನೆನಪಾದರೆ ಕಾಗದ ಬರೆಯಬೇಕು.

"ಫೋನ್ ಯಾಕಿಲ್ಲ?" ಎಂದ ಚಿದಾನಂದ.

"ಟ್ರೆಡಿಷನಲ್ ಅಂದ್ರ ಅದರೀ," ಎಂದಳು ಪ್ರಭಾ. "ಹಿಂದಿನ ಮಂದಿ ಹ್ಯಾಂಗ ಇದ್ರೋ ಹಂಗ."

"ಯಾರ ಹಿಂದಿನ ಮಂದಿ?"

"ನಿಮ್ಮವರಂತೂ ಅಲ್ಲ ಬಿಡ್ರಿ. ನಿಮ್ಮವರ ಕಡೆ ಕುದರಿ ಎಲ್ಲಿತ್ತು?"

"ಫೋನ್ ಕಸಗೊಂಡು ಒಳಗ ಕೂಡಸೋದಕ್ಕ ನಮ್ಮ ಕಡೆ ಬ್ಯಾರೆ ಹೆಸರೈತಿ."

"ಅಪ್ಪಾ, ಪ್ಲೀಸ್. ಎವ್ರಿಬಡಿ ಗೋಸ್," ಎಂದ ಆತ್ರೇಯ.

"ನೋಡೂಣು" ಎಂದಷ್ಟೇ ಹೇಳಿ ಚಿದಾನಂದ ಪುಸ್ತಕ ಎತ್ತಿಟ್ಟುಕೊಂಡ.

ಮರುದಿನ ಕೌಂಟರಿನಲ್ಲಿ ಗಿರಾಕಿ ಇಲ್ಲದಾಗ ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಆರನೇ ಪುಟದಲ್ಲಿ ಬೆರಳು ನಿಂತಿತು. ವಯಸ್ಸು ನೋಡಿ ಪ್ರತಿ ಹುಡುಗನನ್ನೂ ಒಂದು ಬಂಕಿಗೆ ಹಾಕುತ್ತಾರೆ. ಬೆಳಿಗ್ಗೆ ಎದ್ದ ಕೂಡಲೇ ಬಂಕ್ ಡ್ಯೂಟಿ. ರವಿವಾರವೂ ತಪ್ಪುವುದಿಲ್ಲ.

ತಲೆ ಎತ್ತಿ ಹೊರಗಿನ ಪಂಪುಗಳನ್ನು ನೋಡಿದ. ಅಕ್ಷರ ಬಿಡಿಸಿ ಮತ್ತೆ ಓದಿದ. ಅದೇ ಬಂಕು.

ಏಳನೆಯ ಪರೀಕ್ಷೆ ಮುಗಿದ ಬೇಸಿಗೆಯಲ್ಲಿ ಅವನ ಸೋದರಮಾವ ಹೀಗೆಯೇ ಹೇಳಿದ್ದ. "ಸೂಟಿ ಮುಗಿಯೂತನಕ ಬಂಕಿನ್ಯಾಗ ಇರ್ಲಿ. ಇವನ ವಾರಿಗಿ ಹುಡುಗರು ಅದಾರ. ಅಲ್ಲೇ ಊಟ, ಅಲ್ಲೇ ನಿದ್ದಿ." ಹುಬ್ಬಳ್ಳಿ ಬೈಪಾಸಿನ ಬಂಕಿನಲ್ಲಿ ಅವನನ್ನು ಬಿಟ್ಟು ಹೋದ. ಜೂನಿನಲ್ಲಿ ಶಾಲೆ ಶುರುವಾಯಿತು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ಮೂವತ್ತು ವರ್ಷವಾಯಿತು, ಊರು ಬದಲಾಯಿತು, ದೇಶ ಬದಲಾಯಿತು. ಚಿದಾನಂದನ ಸೂಟಿ ಇನ್ನೂ ಮುಗಿದಿಲ್ಲ.

ಮನೆಯಲ್ಲಿ ಏನೂ ಹೇಳಲಿಲ್ಲ. ನಂದಕುಮಾರನಿಗೆ ಫೋನ್ ಮಾಡಿದ. ಮೈಸೂರಿನವನು, ಸ್ಟಾಫರ್ಡ್‌ನಲ್ಲಿದ್ದಾಗ ಇವನ ಬಂಕಿಗೇ ಪೆಟ್ರೋಲಿಗೆ ಬರುತ್ತಿದ್ದ. ಈಗ ಆಸ್ಟಿನ್‌ಗೆ ಶಿಫ್ಟ್ ಆಗಿದ್ದಾನೆ. ಅವನ ಮಗ ಹೋದ ವರ್ಷ ಅದೇ ಕ್ಯಾಂಪಿಗೆ ಹೋಗಿದ್ದ.

"ಹುಡುಗರನ್ನ ಬಂಕಿಗೆ ಹಾಕ್ತಾರಂತಲ್ರಿ?"

"ಹೂಂ, ನಮ್ಮವನು ಬಂಕ್ ಐದರಲ್ಲಿದ್ದ. ಮೊದಲ ಮೂರು ದಿನ ಅತ್ತನಂತೆ. ಆಮೇಲೆ ಮನೆಗೇ ಬರಲ್ಲ ಅಂದ!"

"ಡ್ಯೂಟಿ?"

"ದಿನಾ ಮಾಡಿಸ್ತಾರೆ. ಒಳ್ಳೇದೇ ಅಲ್ವೇನ್ರೀ? ಮನೇಲಿ ಒಂದು ಲೋಟ ಎತ್ತಿಡಲ್ಲ ಇವು."

ಓದಿದ ಮನುಷ್ಯ, ನಗುನಗುತ್ತ ಹೇಳುತ್ತಿದ್ದಾನೆ. ಚಿದಾನಂದ ಫೋನ್ ಇಟ್ಟ. ಕಣ್ಣಾರೆ ನೋಡಿ, ಕೈಯಾರೆ ಹಿಡಿಯಬೇಕು ಎಂದುಕೊಂಡ.

ಏಪ್ರಿಲಿನ ಒಂದು ಶನಿವಾರ, ತಂದೆತಾಯಿಗಳು ಕ್ಯಾಂಪು ನೋಡುವ ದಿನ. ಪ್ರಭಾಗೆ ಆಸ್ಪತ್ರೆ. ಚಿದಾನಂದ ಮಗನನ್ನು ಕೂರಿಸಿಕೊಂಡು ಮೂರೂವರೆ ತಾಸು ಡ್ರೈವ್ ಮಾಡಿದ. ಕ್ಯಾಂಪಿನ ಯಜಮಾನ ದೊಡ್ಡ ಟೊಪ್ಪಿಯ ಮುದುಕ. ಕೈ ಕುಲುಕಿದ, ನಿಂಬೆ ಶರಬತ್ತು ಕೊಟ್ಟ. ಚಿದಾನಂದ ಮಗ ಕುಡಿಯುವ ಮೊದಲು ತಾನು ಒಂದು ಗುಟುಕು ಕುಡಿದು ನೋಡಿದ.

ಹೊಳೆಯಿಂದ ಮಲಗುವ ಮನೆಗಳವರೆಗೆ ಹೆಜ್ಜೆ ಹಾಕಿ ಅಳೆದ. ಮಳೆ ಬಂದು ಹೊಳೆ ಏರಿದರೆ ಎಂದು ಕೇಳಿದ. ಮುದುಕ ಮೇಲಿನ ದಿಬ್ಬ ತೋರಿಸಿದ, ಸೈರನ್ ತೋರಿಸಿದ. ಅಡುಗೆಮನೆಯಲ್ಲಿ ದನದ ಮಾಂಸದ ಪಾತ್ರೆ ಬೇರೆಯೋ ಎಂದು ಕೇಳಿದ. ಬೇರೆ ಎಂದ ಮುದುಕ. ಚಿದಾನಂದ ಎಲ್ಲಕ್ಕೂ ತಲೆಯಾಡಿಸಿದ. ಅವನ ಕಣ್ಣು ಬೇರೊಂದನ್ನು ಹುಡುಕುತ್ತಿತ್ತು.

ಕುದುರೆ ಲಾಯದ ಹಿಂದೆ ಅದು ಸಿಕ್ಕಿತು. ತಗಡಿನ ಮಾಡಿನ ಕೆಳಗೆ ಡೀಸೆಲ್ ಟ್ಯಾಂಕು, ಅದಕ್ಕೆ ಪಂಪು, ಪೈಪು. ಪಕ್ಕದಲ್ಲಿ ಟ್ರ್ಯಾಕ್ಟರು.

"ಬಾ ಇಲ್ಲೆ," ಎಂದು ಮಗನ ಮಣಿಕಟ್ಟು ಹಿಡಿದ. ಮುದುಕನ ಎದುರು ನಿಂತು ತನ್ನ ಇಂಗ್ಲಿಷಿನಲ್ಲಿ ಕೇಳಿದ. "ಬಂಕ್ ಡ್ಯೂಟಿ, ಸಾರ್. ಹೌ ಮೆನಿ ಅವರ್ಸ್?"

ಇಪ್ಪತ್ತು ನಿಮಿಷ ಎಂದ ಮುದುಕ. ಬನ್ನಿ, ನಿಮ್ಮ ಮಗನ ಬಂಕೇ ತೋರಿಸುತ್ತೇನೆ ಎಂದು ಮುಂದೆ ನಡೆದ. ಡೀಸೆಲ್ ಟ್ಯಾಂಕಿನ ಕಡೆಗಲ್ಲ, ಮರದ ಮನೆಗಳ ಕಡೆಗೆ. ಏಳನೇ ನಂಬರಿನ ಬಾಗಿಲು ತೆಗೆದ. ಒಳಗೆ ಒಂದರ ಮೇಲೊಂದು ಮಂಚಗಳ ಎರಡು ಸಾಲು. ಮೂಲೆಯಲ್ಲಿ ಪೊರಕೆ.

ಇದೇ ಬಂಕು ಎಂದ ಮುದುಕ.

ಚಿದಾನಂದ ಮಂಚಗಳನ್ನು ನೋಡಿದ. "ಇದು ಬರ್ತಲ್ಲೋ! ರೈಲಿನ ಬರ್ತು. ವೇರ್ ಪೆಟ್ರೋಲ್?"

ಆತ್ರೇಯ ಬಾಯಿ ಮುಚ್ಚಿಕೊಂಡ. ನಗು ತಡೆಯಲಾಗಲಿಲ್ಲ. "ಅಪ್ಪಾ, ಬಂಕ್ ಈಸ್ ಎ ಬೆಡ್! ನಾಟ್ ಗ್ಯಾಸ್ ಸ್ಟೇಷನ್! ಡ್ಯೂಟಿ ಮೀನ್ಸ್ ಸ್ವೀಪಿಂಗ್!" ಹೊಟ್ಟೆ ಹಿಡಿದುಕೊಂಡು ಕೆಳಗಿನ ಮಂಚದ ಮೇಲೆ ಕುಸಿದ. "ಯೂ ಥಾಟ್ ಐ ವುಡ್ ಪಂಪ್ ಗ್ಯಾಸ್? ವೈ ವುಡ್ ಎನಿವನ್ ಡೂ ದಟ್ ಟು ಎ ಕಿಡ್?"

ಚಿದಾನಂದ ಮೇಲಿನ ಮಂಚದ ಕಂಬ ಹಿಡಿದು ಅಲುಗಾಡಿಸಿ ನೋಡುತ್ತಿದ್ದ.

"ನನ್ನ ಹಾಕಿದ್ರಲ್ಲ," ಎಂದ. "ನಿನಗಿಂತ ಒಂದು ವರ್ಷ ದೊಡ್ಡವಿದ್ದೆ. ಸೂಟ್ಯಾಗ. ತಿರುಗಿ ಕರಕೊಂಡು ಹೋಗಾಕ ಯಾರೂ ಬರಲಿಲ್ಲ."

ಆತ್ರೇಯನ ನಗು ನಿಂತಿತು. ಎದ್ದು ಬಂದು ಅಪ್ಪನ ಪಕ್ಕ ನಿಂತ. ತಾನೂ ಕಂಬ ಹಿಡಿದು ಅಲುಗಾಡಿಸಿದ.

"ಗಟ್ಟಿ ಐತಿ," ಎಂದ. ಕನ್ನಡದಲ್ಲೇ.

"ಹೂಂ. ಬರ್ತೀಯೇನು ಇಲ್ಲಿಗೆ?"

"ಬರ್ತೀನಿ."

ಆಫೀಸಿನಲ್ಲಿ ಮುದುಕ ಫಾರ್ಮು ಕೊಟ್ಟ. ಕೊನೆಯಲ್ಲಿ ಹುಡುಗನನ್ನು ವಾಪಸು ಕರೆದುಕೊಂಡು ಹೋಗುವವರ ಹೆಸರಿಗೆ ಎರಡು ಸಾಲಿದ್ದವು. ಚಿದಾನಂದ ಮೊದಲ ಸಾಲಿನಲ್ಲಿ ತನ್ನ ಹೆಸರು ಬರೆದ. ಎರಡನೆಯದರಲ್ಲೂ ತನ್ನ ಹೆಸರನ್ನೇ ಬರೆದ. ಅಲ್ಲಿ ಬೇರೆಯವರ ಹೆಸರು ಬೇಕು ಎಂದು ಮುದುಕ ಮೆಲ್ಲಗೆ ಹೇಳಿದ, ನಿಮಗೆ ಬರಲಾಗದಿದ್ದರೆ ಎಂದು.

"ಐ ವಿಲ್ ಕಮ್," ಎಂದ ಚಿದಾನಂದ. "ವಾಟ್ ಟೈಮ್?"

ಗೇಟು ತೆಗೆಯುವುದು ಹತ್ತಕ್ಕೆ ಎಂದ ಮುದುಕ.

"ಏಯ್ಟ್ ಓ ಕ್ಲಾಕ್ ಐ ವಿಲ್ ಸ್ಟ್ಯಾಂಡ್ ಔಟ್‌ಸೈಡ್," ಎಂದು ಹೇಳಿ ಚಿದಾನಂದ ಸಹಿ ಹಾಕಿದ.